ಅಗಲಿದ ಗೆಳೆಯನ ಹಕ್ಕು

ಆತ್ಮೀಯ ಗೆಳೆಯನೊಬ್ಬ ಅಗಲಿ ಒಂದು ವರ್ಷ ತುಂಬುವಾಗ ಮನಸ್ಸು ಭಾರವಾಗುವುದು ಸಹಜ. ಅಂದು ಕೆಲವರು ಸಭೆ ಸೇರಿ ಅವನ ಗುಣಗಾನ ಮಾಡುತ್ತಾರೆ. ಕೆಲವರು ಬರ್ಸಿಯ ಹೆಸರಲ್ಲಿ ಊಟ ಹಾಕಿಸುತ್ತಾರೆ. ಆದರೆ ಅದೇ ದಿನ ಅವನ ಪತ್ನಿ ಮನೆಬಾಡಿಗೆಗಾಗಿ ಪರದಾಡುತ್ತಿದ್ದರೆ, ಅವನು ಮಾಡಿದ ಸಾಲ ತೀರದೆ ಉಳಿದಿದ್ದರೆ ನಮ್ಮ ಸ್ಮರಣೆಗೆ ಏನು ಬೆಲೆ? ಸ್ನೇಹವು ಮರಣದೊಂದಿಗೆ ಮುಗಿಯುವುದಿಲ್ಲ. ಮರಣದ ನಂತರವೂ ಗೆಳೆಯನಿಗೆ ನಮ್ಮ ಮೇಲೆ ಹಕ್ಕುಗಳಿವೆ.

ಪ್ರವಾದಿವರ್ಯರ(ಸ) ಸಂಗಾತಿ ಹ. ಉಸ್ಮಾನ್ ಬಿನ್ ಮಝ್‌ಊನ್(ರ) ಬದ್ರ್ ಯುದ್ಧದ ನಂತರ ಮದೀನದಲ್ಲಿ ನಿಧನರಾದರು. ಪ್ರವಾದಿವರ್ಯರು(ಸ) ಅವರ ಪಾರ್ಥಿವ ಶರೀರಕ್ಕೆ ಮುತ್ತಿಟ್ಟು ಕಣ್ಣೀರು ಸುರಿಸಿದರು. ದಫನದ ಬಳಿಕ ಒಂದು ಕಲ್ಲನ್ನು ತರಲು ಒಬ್ಬರಿಗೆ ಹೇಳಿದರು. ಅವರಿಂದ ಅದನ್ನು ಎತ್ತಲಾಗದಿದ್ದಾಗ ಸ್ವತಃ ತೋಳೇರಿಸಿ, ಕಲ್ಲನ್ನು ಹೊತ್ತು ತಂದು ಕಬರಿನ ತಲೆಯ ಬಳಿ ಇಟ್ಟರು. ತಮ್ಮ ಸಹೋದರನ ಕಬರಿನ ಗುರುತು ತಮಗಿರಬೇಕು ಎಂಬುದೇ ಅದರ ಉದ್ದೇಶವೆಂದು ತಿಳಿಸಿದರು. ಅಬೂದಾವೂದ್ ಇದನ್ನು ವರದಿ ಮಾಡಿದ್ದಾರೆ. ಗೆಳೆಯನಿಗಾಗಿ ಅಳುವುದು, ಅವನ ಗುರುತನ್ನು ಜೋಪಾನವಾಗಿಡುವುದು ವಿಶ್ವಾಸಕ್ಕೆ ವಿರುದ್ಧವಲ್ಲ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಪುರಾವೆ ಬೇಕೇ?

ಆದರೆ ಹೊಗಳಿಕೆಗೂ ಒಂದು ಮಿತಿಯಿದೆ. ಅಲ್ಲಾಹನು ಇವರನ್ನು ಖಂಡಿತ ಗೌರವಿಸಿದ್ದಾನೆ ಎಂದು ಉಮ್ಮುಲ್ ಅಲಾ(ರ) ಎಂಬ ಮಹಿಳೆ ಅಂದು ಸಾಕ್ಷ್ಯ ನುಡಿದಾಗ ಪ್ರವಾದಿವರ್ಯರು(ಸ) ಅವರನ್ನು ತಡೆದರು. ಒಳಿತನ್ನು ಹಾರೈಸಬಹುದು, ತೀರ್ಪು ಕೊಡುವವನು ಅಲ್ಲಾಹನು ಮಾತ್ರ. ಮುಂದೆ ಅದೇ ಮಹಿಳೆ ಉಸ್ಮಾನರ(ರ) ಒಡೆತನದಲ್ಲಿ ಚಿಲುಮೆಯೊಂದು ಹರಿಯುವುದನ್ನು ಕನಸಿನಲ್ಲಿ ಕಂಡರು. ಅದು ಅವರ ಕರ್ಮ ಎಂದು ಪ್ರವಾದಿವರ್ಯರು(ಸ) ವಿವರಿಸಿದರು. ಸತ್ತವನಿಗೆ ಆಸರೆಯಾಗುವುದು ನಮ್ಮ ಭಾಷಣವಲ್ಲ, ಕರ್ಮ ಎಂಬ ಪಾಠ ಇದರಲ್ಲಿದೆ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದು ಸಾಲ. ಒಮ್ಮೆ ಒಬ್ಬರ ಜನಾಝ ತರಲಾಯಿತು. ಅವರ ಮೇಲೆ 3 ದೀನಾರ್ ಸಾಲವಿತ್ತು, ತೀರಿಸಲು ಏನನ್ನೂ ಬಿಟ್ಟಿರಲಿಲ್ಲ. ನೀವೇ ನಮಾಝ್ ಮಾಡಿರಿ ಎಂದು ಪ್ರವಾದಿವರ್ಯರು(ಸ) ಹಿಂದೆ ಸರಿದರು. ಹ. ಅಬೂ ಖತಾದ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು. ಗೆಳೆಯನ ಸಾಲದ ವಿಷಯ ಹಲವೊಮ್ಮೆ ಮನೆಯವರಿಗಿಂತ ಗೆಳೆಯರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವನಿಂದ ನಾವೇ ಪಡೆದ ಕೈಗಡವೂ ಇರಬಹುದು. ಕೇಳುವವನಿಲ್ಲವೆಂದು ಅದನ್ನು ನುಂಗುವುದು ಅವನ ಅನಾಥ ಮಕ್ಕಳ ಸೊತ್ತನ್ನು ನುಂಗಿದಂತೆ.

ಎರಡನೆಯದು ಪ್ರಾರ್ಥನೆ. ವಿಶ್ವಾಸದಲ್ಲಿ ತಮಗಿಂತ ಮುಂದೆ ಸಾಗಿದ ಸಹೋದರರಿಗಾಗಿ ಕ್ಷಮೆ ಬೇಡುವವರನ್ನು ಪವಿತ್ರ ಕುರ್‌ಆನ್ ಹಶ್ರ್ ಅಧ್ಯಾಯದಲ್ಲಿ ಪ್ರಶಂಸಿಸಿದೆ. ಇದಕ್ಕೆ ಖರ್ಚಿಲ್ಲ, ವರ್ಷ ತುಂಬುವ ತನಕ ಕಾಯಬೇಕಾಗಿಯೂ ಇಲ್ಲ.

ಮೂರನೆಯದು ಅವನ ಬಂಧುಬಳಗ. ಹ. ಅಬ್ದುಲ್ಲಾ ಬಿನ್ ಉಮರ್(ರ) ಮಕ್ಕಾದ ದಾರಿಯಲ್ಲಿ ಒಬ್ಬ ಗ್ರಾಮೀಣ ಅರಬನನ್ನು ಕಂಡು ತಮ್ಮ ಸವಾರಿಯ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಕೊಟ್ಟುಬಿಟ್ಟರು. ಇಂಥವರು ಅಲ್ಪದಲ್ಲೇ ತೃಪ್ತರಾಗುತ್ತಾರಲ್ಲ ಎಂದು ಜೊತೆಗಾರರು ಅಚ್ಚರಿಪಟ್ಟರು. ಇವನ ತಂದೆ ನನ್ನ ತಂದೆಯ ಗೆಳೆಯರಾಗಿದ್ದರು ಎಂಬುದು ಅವರ ಉತ್ತರವಾಗಿತ್ತು. ಹ. ಖದೀಜಾ(ರ) ನಿಧನರಾಗಿ ವರ್ಷಗಳು ಕಳೆದರೂ ಪ್ರವಾದಿವರ್ಯರು(ಸ) ಆಡು ಕೊಯ್ದಾಗ ಅದರ ಮಾಂಸವನ್ನು ಅವರ ಗೆಳತಿಯರಿಗೆ ಕಳುಹಿಸಿಕೊಡುತ್ತಿದ್ದರು. ಅದಕ್ಕೆ ವಾರ್ಷಿಕ ದಿನವೇ ಬೇಕಾಗಿರಲಿಲ್ಲ. ಮನೆಯಲ್ಲಿ ಮಾಂಸವಿದ್ದ ದಿನವೇ ನೆನಪಿನ ದಿನವಾಗಿತ್ತು.

ನಾಲ್ಕನೆಯದು ನಾಲಿಗೆಯ ಸಂಯಮ. ಮೃತರನ್ನು ದೂಷಿಸಬಾರದೆಂದು ಪ್ರವಾದಿವರ್ಯರು(ಸ) ವಿಲಕ್ಷಣಕ್ಕೆಡೆಯಿಲ್ಲದೆ ತಿಳಿಸಿದ್ದಾರೆ. ಗೆಳೆತನದಲ್ಲಿ ತಿಳಿದ ಗುಟ್ಟುಗಳು ಅವನ ಕಬರಿನೊಂದಿಗೇ ಮುಚ್ಚಿಹೋಗಲಿ.

ಆದುದರಿಂದ ಗೆಳೆಯನ ಮರಣದ ದಿನ ನೆನಪಾದಾಗ ನಮ್ಮನ್ನು ನಾವೇ ಪ್ರಶ್ನಿಸೋಣ. ಅವನ ಮಕ್ಕಳ ಶಾಲೆಯ ಶುಲ್ಕ ಕಟ್ಟಿಯಾಯಿತೇ? ಅವನ ವೃದ್ಧ ತಾಯಿಯ ಔಷಧಿಗೆ ಯಾರಿದ್ದಾರೆ? ನಾವು ಆ ಮನೆಯ ಬಾಗಿಲು ತಟ್ಟಿ ಎಷ್ಟು ದಿನವಾಯಿತು? ನಾಳೆ ನಾವೂ ಅದೇ ಮಣ್ಣಿನಡಿ ಮಲಗುವವರು. ನಮ್ಮ ಮಕ್ಕಳ ತಲೆ ಸವರಲು ಒಬ್ಬ ಗೆಳೆಯನಾದರೂ ಬರಲಿ ಎಂದು ನಾವು ಬಯಸುವುದಾದರೆ, ಇಂದು ನಾವು ಆ ಗೆಳೆಯರಾಗೋಣ. ಅಲ್ಲಾಹನು ಅನುಗ್ರಹಿಸಲಿ.