ನಾದಿನಿ ಬರೆದುಕೊಟ್ಟ ಡಯಟ್ ಚಾರ್ಟ್

ಪ್ರಶ್ನೆ: ನಮ್ಮ ಅತ್ತೆಗೆ 61 ವರ್ಷ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಈಗ ಕ್ರಿಯಾಟಿನಿನ್ 1.9 ಬಂದಿದೆ. ಕಿಡ್ನಿ ಡಾಕ್ಟರು ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಹೋಗಿ ಎಂದರು. ನಾದಿನಿ ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ನ್ಯೂಟ್ರಿಷನಿಸ್ಟ್ ಆಗಿದ್ದಾಳೆ. ‘ಎರಡೂ ಒಂದೇ, ದುಡ್ಡು ಯಾಕೆ ದಂಡ’ ಎಂದು ತಾನೇ ಚಾರ್ಟ್ ಬರೆದುಕೊಟ್ಟಳು: ಪಾಲಕ್ ಜ್ಯೂಸ್, ಎಳನೀರು, ದಿನಕ್ಕೆರಡು ಸ್ಕೂಪ್ ಪ್ರೋಟೀನ್ ಪುಡಿ, ಲೋ ಸೋಡಿಯಂ ಉಪ್ಪು. ಹತ್ತು ದಿನ ಆಯಿತು. ಅತ್ತೆಗೆ ಮಗಳ ಮಾತೇ ವೇದವಾಕ್ಯ. ನಾನು ಬಾಯಿಬಿಟ್ಟರೆ ಹೊಟ್ಟೆಕಿಚ್ಚು ಅಂತಾರೆ.
— ಓದುಗರು, ದಾವಣಗೆರೆ

ಉತ್ತರ: ಮೊದಲು ಡಾಕ್ಟರಿಗೆ ಫೋನ್ ಮಾಡಿ, ಏನೇನು ಕೊಟ್ಟಿದ್ದೀರಿ ಎಂದು ಬಿಡಿಸಿ ಹೇಳಿ. ಅವರು ಹೇಳುವ ತನಕ ಆ ನಾಲ್ಕೂ ಬೇಡ.

ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಕಡಿಮೆ ಮಾಡಿ, ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಪಾಲಕ್, ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಕಿಡ್ನಿ ಸೋತಾಗ ಅದು ಸರಿಯಾಗಿ ಹೊರಹೋಗದೆ ರಕ್ತದಲ್ಲೇ ಉಳಿಯಬಹುದು. ಮಿತಿಮೀರಿದರೆ ಎದೆಬಡಿತವೇ ಏರುಪೇರಾಗುತ್ತದೆ. ಇನ್ನು ಪ್ರೋಟೀನ್. ಡಯಾಲಿಸಿಸ್‌ಗೆ ಹೋಗದ ಕಿಡ್ನಿ ರೋಗಿಗೆ ಸಾಮಾನ್ಯವಾಗಿ ಹೇಳುವುದು ಒಂದು ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಆಸುಪಾಸು. ಅತ್ತೆ 60 ಕೆಜಿ ಇದ್ದರೆ 48 ಗ್ರಾಂ ಆಯಿತು. ಎರಡು ಸ್ಕೂಪ್ ಪುಡಿಯಲ್ಲೇ ಹೆಚ್ಚುಕಮ್ಮಿ ಅಷ್ಟೂ ಮುಗಿಯುತ್ತದೆ. ಅನ್ನ, ಬೇಳೆ, ಮೊಸರು ಇನ್ನೂ ಬಾಕಿ!

ಈ ಲೆಕ್ಕ ಹಾಕುವುದೇ ಡಯಟಿಷಿಯನ್ನರ ಕೆಲಸ. ರಕ್ತದ ವರದಿ, ಮಾತ್ರೆ, ತೂಕ ಎಲ್ಲ ಮುಂದಿಟ್ಟುಕೊಂಡು ಕಾಯಿಲೆಯವರ ಊಟ ಗೊತ್ತುಮಾಡುತ್ತಾರೆ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಕೊಡುವ ‘ರಿಜಿಸ್ಟರ್ಡ್ ಡಯಟಿಷಿಯನ್’ ಅರ್ಹತೆಗೆ ಸಂಬಂಧಪಟ್ಟ ಪದವಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಆಮೇಲೆ ಪರೀಕ್ಷೆ ಎಲ್ಲ ಆಗಬೇಕು. ಹಾಗಂತ ನ್ಯೂಟ್ರಿಷನಿಸ್ಟ್ ಎಂಬುದು ಕಡಿಮೆ ದರ್ಜೆಯ ಕೆಲಸವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಈ ವಿಷಯದಲ್ಲೇ ಜೀವನ ಸವೆಸಿದ ವಿಜ್ಞಾನಿಗಳಿದ್ದಾರೆ. ಊರಿಗೆ ಊರೇ ಏನು ತಿನ್ನುತ್ತದೆ, ಮಕ್ಕಳಲ್ಲಿ ರಕ್ತಹೀನತೆ ಯಾಕೆ ಎಂದು ನೋಡುವವರು ಅವರು. 2021ರ ಕೇಂದ್ರ ಕಾಯ್ದೆಯೊಂದು ಇಬ್ಬರನ್ನೂ ಆರೋಗ್ಯ ವೃತ್ತಿಪರರ ಪಟ್ಟಿಯಲ್ಲಿ ಸೇರಿಸಿದೆ. ತೊಂದರೆ ಇಷ್ಟೇ: ಎಂ.ಎಸ್ಸಿ. ಮಾಡಿದವರೂ ನ್ಯೂಟ್ರಿಷನಿಸ್ಟ್, ಮೂರು ತಿಂಗಳ ಸರ್ಟಿಫಿಕೇಟಿನವರೂ ನ್ಯೂಟ್ರಿಷನಿಸ್ಟ್. ಬೋರ್ಡು ನೋಡಿದರೆ ಸಾಲದು. ಏನು ಓದಿದ್ದೀರಿ, ಆಸ್ಪತ್ರೆಯಲ್ಲಿ ಕಿಡ್ನಿ ರೋಗಿಗಳನ್ನು ನೋಡಿದ್ದೀರಾ ಎಂದು ಕೇಳಿ. ಡಯಟಿಷಿಯನ್ ಎಂದುಕೊಂಡವರನ್ನೂ ಕೇಳಿ. ಹಾಗೆ ಕೇಳುವುದು ಅವಮಾನವಲ್ಲ.

ನಾದಿನಿಯ ಮೇಲೆ ಸಿಟ್ಟು ಬೇಡ. ಅಮ್ಮನ ಮೇಲಿನ ಪ್ರೀತಿಯಿಂದಲೇ ಬರೆದಿದ್ದಾಳೆ, ಕಲಿಸಿದವರು ಕಾಯಿಲೆಯ ಪಾಠ ಮಾಡಿಲ್ಲ. ಈ ಮಾತು ನಿಮ್ಮ ಬಾಯಿಂದ ಬರುವುದೂ ಬೇಡ. ನಿಮ್ಮ ಯಜಮಾನರೇ ತಂಗಿಗೆ, ‘ಡಾಕ್ಟರು ಕಳಿಸಿದ್ದಾರೆ, ನೀನೂ ಬಾ, ನಿನಗೆ ಅರ್ಥವಾಗುತ್ತದೆ’ ಎಂದು ಹೇಳಲಿ. ಡಯಟಿಷಿಯನ್ ಎದುರು ಅವಳೇ ಕೂತು ಪ್ರಶ್ನೆ ಕೇಳಿದರೆ, ಮನೆಯಲ್ಲಿ ಅತ್ತೆಗೆ ಒಪ್ಪಿಸುವವಳೂ ಅವಳೇ ಆಗುತ್ತಾಳೆ. ಹೋಗುವಾಗ ಹಳೆಯ ವರದಿಗಳು, ಮಾತ್ರೆ ಚೀಟಿ, ಪುಡಿಯ ಡಬ್ಬ, ಮೂರು ದಿನ ಏನು ತಿಂದರೆಂಬ ಪಟ್ಟಿ ಜೊತೆಗಿರಲಿ.

ಪೊಟ್ಯಾಸಿಯಂ ಪರೀಕ್ಷೆ ಮಾತ್ರ ಅಲ್ಲಿಯ ತನಕ ಕಾಯಬಾರದು. ನಾಳೆಯೇ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಅತ್ತೆಗೆ ಕೈಕಾಲು ಸೋತಂತಾದರೆ, ಎದೆ ಡವಡವ ಎಂದರೆ ಫೋನನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ.