ಒಂದು ಚಮಚ ಔಷಧವೆಂದರೆ ಎಷ್ಟು?

ಮಗುವಿಗೆ ಜ್ವರ ಬಂದೊಡನೆ, ಹಿಂದೊಮ್ಮೆ ವೈದ್ಯರು ಬರೆದುಕೊಟ್ಟಿದ್ದ ಸೀಸೆಯನ್ನೇ ಬೀರುವಿನಿಂದ ತೆಗೆದು ಒಂದು ಚಮಚ ಕುಡಿಸುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಏಕಮಾನವಿಲ್ಲದ ಉತ್ತರ ಬರೆದರೆ ನಾವು ಅಂಕ ಕಳೆಯುತ್ತೇವೆ. ಇಲ್ಲಿ ಅದೇ ತಪ್ಪಿಗೆ ದಂಡ ತೆರುವುದು ಮಗುವಿನ ಯಕೃತ್ತು.

ಔಷಧದ ಲೆಕ್ಕದಲ್ಲಿ ಟೀ ಚಮಚವೆಂದರೆ 5 ಮಿಲಿಲೀಟರ್. ಆದರೆ ಗ್ರೀಸ್ ದೇಶದ ಮನೆಗಳ ಟೀ ಚಮಚಗಳನ್ನು ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅವುಗಳ ಗಾತ್ರವು 2.5ರಿಂದ 7.3 ಮಿಲಿಲೀಟರ್‌ವರೆಗೆ ಇದ್ದಿತು. ನಮ್ಮ ಚಮಚಗಳು ಇದಕ್ಕಿಂತ ಶಿಸ್ತಿನವೆಂದು ನಂಬಲು ಕಾರಣವಿಲ್ಲ.

ಗಾತ್ರಕ್ಕಿಂತಲೂ ಮೋಸಗೊಳಿಸುವುದು ಸಾಂದ್ರತೆ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲನ್ನೇ ತೆಗೆದುಕೊಳ್ಳೋಣ. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ವಾಡಿಕೆಯ ಪ್ರಮಾಣ. ಅಂಗಡಿಯಲ್ಲಿ ದೊರೆಯುವ ಒಂದು ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ. ಹಸುಳೆಗಳ ಹನಿಮದ್ದಿನಲ್ಲಾದರೋ, ಒಂದೇ ಮಿಲಿಲೀಟರಿನಲ್ಲಿ 100! ಹಸುಳೆಯು ಹೆಚ್ಚು ದ್ರವವನ್ನು ನುಂಗಲಾರದೆಂದು ಅದನ್ನು ಹಾಗೆ ಗಟ್ಟಿಯಾಗಿ ಮಾಡಿರುತ್ತಾರೆ. ತಾಯಿತಂದೆಗಳು ಮಾತ್ರ ಪುಟ್ಟ ಸೀಸೆಯನ್ನು ಸೌಮ್ಯವಾದುದೆಂದೇ ಭಾವಿಸುವರು. 10 ಕಿಲೋಗ್ರಾಂ ತೂಕದ ಮಗುವಿಗೆ 5 ಮಿಲಿಲೀಟರ್ ಕುಡಿಸಿದರೆ ಕಿಲೋಗ್ರಾಮಿಗೆ ಮೊದಲನೆಯದರಿಂದ 12.5, ಎರಡನೆಯದರಿಂದ 25, ಹನಿಮದ್ದಿನಿಂದ 50 ಮಿಲಿಗ್ರಾಂ ಸೇರುತ್ತದೆ. ಇಂತಹ ಗೊಂದಲವನ್ನು ತಪ್ಪಿಸಲೆಂದೇ ಅಮೆರಿಕದ ತಯಾರಕರು 2011ರಲ್ಲಿ ಗಟ್ಟಿ ಹನಿಮದ್ದನ್ನು ಕೈಬಿಟ್ಟು, ಮಕ್ಕಳ ದ್ರವೌಷಧಕ್ಕೆಲ್ಲ ಒಂದೇ ಸಾಂದ್ರತೆಯನ್ನು ಒಪ್ಪಿಕೊಂಡರು. ಕಳೆದ ವರ್ಷದ ಚೀಟಿಯಾದರೂ ಕಳೆದ ವರ್ಷದ ತೂಕಕ್ಕೆ, ಆ ಸೀಸೆಗೆ ಬರೆದುದು. ವೈದ್ಯರನ್ನು ದೂರವಾಣಿಯಲ್ಲಿ ಕೇಳುವವರೂ ಸೀಸೆಯ ಮೇಲಿನ ಈ ಸಂಖ್ಯೆಯನ್ನು ಓದಿ ಹೇಳತಕ್ಕದ್ದು.

ಒಂದು ಸಲದ ಇಂತಹ ತಪ್ಪನ್ನು ದೇಹವು ಬಹುಶಃ ಸಹಿಸಿಕೊಂಡೀತು. ಆದರೆ ದಿನಕ್ಕೆ ನಾಲ್ಕು ಬಾರಿಯಂತೆ ಎರಡು ಮೂರು ದಿನ ಮುಂದುವರಿದರೆ? ಜೊತೆಗೆ ನೆಗಡಿಯ ಸಿರಪ್ಪನ್ನೂ ಕೊಟ್ಟರೆ? ಅದರಲ್ಲಿಯೂ ಅನೇಕ ವೇಳೆ ಪ್ಯಾರಸಿಟಮಾಲ್ ಇರುತ್ತದೆ. ಈ ಔಷಧದ ಒಂದು ಸಣ್ಣ ಭಾಗವು ಯಕೃತ್ತಿನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಥಯೋನ್ ಎಂಬ ಪದಾರ್ಥವು ಅದನ್ನು ಹಿಡಿದು ನಿರ್ವಿಷಗೊಳಿಸುತ್ತದೆ. ಗ್ಲುಟಥಯೋನಿನ ಸಂಗ್ರಹ ತೀರಿದ ಮೇಲೆ ವಿಷವು ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ. ಆಗಲೂ ಮೊದಮೊದಲು ಮಗು ಲವಲವಿಕೆಯಿಂದ ಆಡುತ್ತಿರಬಹುದು, ಇಲ್ಲವೆ ಸ್ವಲ್ಪ ವಾಂತಿ ಮಾಡಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವುಂಟು. ಅದು ಹೆಚ್ಚು ಫಲಕಾರಿಯಾಗುವುದು ಇನ್ನೂ ಯಾವ ಲಕ್ಷಣವೂ ತೋರದ ಆ ಮೊದಲ ಗಂಟೆಗಳಲ್ಲಿಯೇ.