ಹಿಮರಕ್ಷಕರ ಶಿರಸ್ತ್ರಾಣ

ಚಳಿಗಾಲದ ಮುಂಜಾನೆ. ರಾತ್ರಿಯೆಲ್ಲ ಸುರಿದ ಹಿಮದಿಂದ ಪರ್ವತದ ಇಳಿಜಾರುಗಳು ಮುಚ್ಚಿಹೋಗಿವೆ. ಕ್ರೀಡೆಗಾಗಿ ಬಂದ ಪ್ರವಾಸಿಗರು ವಸತಿಗೃಹಗಳಲ್ಲಿ ಇನ್ನೂ ನಿದ್ರಿಸುತ್ತಿರುವಾಗಲೇ, ಕೆಂಪು ಅಂಗಿಯ ಮೇಲೆ ಬಿಳಿಯ ಶಿಲುಬೆಯ ಗುರುತನ್ನು ಧರಿಸಿದ ಕೆಲವರು ಬೆಟ್ಟದ ನೆತ್ತಿಯನ್ನು ಸೇರಿರುತ್ತಾರೆ. ಅವರು ಅಪಾಯದ ಸ್ಥಳಗಳಲ್ಲಿ ಗಳುಗಳನ್ನು ನೆಟ್ಟು ಹಗ್ಗ ಕಟ್ಟುತ್ತಾರೆ. ಕುಸಿದು ಬೀಳುವಂತಿರುವ ಹಿಮರಾಶಿಯನ್ನು ಸಿಡಿಮದ್ದಿನಿಂದ ಮೊದಲೇ ಕೆಡಹುತ್ತಾರೆ. ದಾರಿಗಳೆಲ್ಲವೂ ಕ್ಷೇಮವೆಂದು ಖಚಿತವಾದ ಮೇಲೆಯೇ ಜನರನ್ನು ಬಿಡಲು ಒಪ್ಪುತ್ತಾರೆ. ಹಗಲಿನಲ್ಲಿ ಗಾಯಗೊಂಡವರನ್ನು ಜಾರುಬಂಡಿಯಲ್ಲಿ ಮಲಗಿಸಿ ಕೆಳಕ್ಕೆ ತರುವವರೂ, ಸಂಜೆ ಬೆಟ್ಟದ ಮೇಲೆ ಯಾರೂ ಉಳಿದಿಲ್ಲವೆಂದು ನೋಡಿಕೊಂಡು ಕಡೆಯಲ್ಲಿ ಇಳಿಯುವವರೂ ಇವರೇ. ಇವರ ಪಡೆಗೆ ‘ಸ್ಕೀ ಪೆಟ್ರೋಲ್’ ಎಂದು ಹೆಸರು. ಹಿಮರಕ್ಷಕರ ದಳವೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು.

ಪಾದಗಳಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವುದೇ ಸ್ಕೀಯಿಂಗ್. ನಾರ್ವೆ, ಸ್ವೀಡನ್ ಮೊದಲಾದ ಉತ್ತರದ ದೇಶಗಳಲ್ಲಿ ಇದು ಬಹುಕಾಲ ಸಂಚಾರದ ಸಾಧನವಾಗಿದ್ದು, ಮುಂದೆ ಕ್ರೀಡೆಯಾಗಿ ಬೆಳೆಯಿತು. ಭಾರತದಲ್ಲಿಯೂ ಕಾಶ್ಮೀರದ ಗುಲ್ಮರ್ಗ್, ಉತ್ತರಾಖಂಡದ ಔಲಿ ಮುಂತಾದೆಡೆ ಈ ಕ್ರೀಡೆ ನಡೆಯುತ್ತದೆ. ಇಳಿಜಾರಿನಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗವನ್ನು ಮುಟ್ಟುವುದು ಅಭ್ಯಾಸವಾದವರಿಗೆ ಕಷ್ಟವೇನಲ್ಲ. ವೇಗವಿರುವಲ್ಲಿ ಅಪಾಯವೂ ಇದ್ದೇ ಇರುತ್ತದೆ. ಹಿಮರಕ್ಷಕರ ದಳವು ಹುಟ್ಟಿದ್ದೂ ಅಂತಹ ಅಪಾಯದಿಂದಲೇ.

1936ರ ಹೊಸ ವರ್ಷದ ದಿನ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೋ ಎಂಬಲ್ಲಿ ಚಾರ್ಲ್ಸ್ ಮೈನಾಟ್ ಡೋಲ್ ಎಂಬುವರು ಸ್ಕೀ ಮಾಡುತ್ತಿರುವಾಗ ಬಿದ್ದು ಕಣಕಾಲನ್ನು ಮುರಿದುಕೊಂಡರು. ಸಹಾಯಕ್ಕೆ ತರಬೇತಾದ ಜನರಾಗಲಿ, ಸಾಧನಗಳಾಗಲಿ ಅಲ್ಲಿರಲಿಲ್ಲ. ಗೆಳೆಯರು ಛಾವಣಿಯ ತಗಡೊಂದರ ಮೇಲೆ ಅವರನ್ನು ಮಲಗಿಸಿ ಕಷ್ಟಪಟ್ಟು ಕೆಳಗೆ ತಂದರು. ಆ ಗೆಳೆಯರಲ್ಲಿ ಒಬ್ಬರಾದ ಫ್ರಾಂಕ್ ಎಡ್ಸನ್ ಕೆಲವೇ ವಾರಗಳಲ್ಲಿ ಸ್ಪರ್ಧೆಯೊಂದರಲ್ಲಿ ಮರಕ್ಕೆ ಬಡಿದು ಮೃತರಾದರು. ಈ ದುಃಖವು ಡೋಲರನ್ನು ಕಾರ್ಯೋನ್ಮುಖರನ್ನಾಗಿ ಮಾಡಿತು. 1938ರಲ್ಲಿ ಅವರ ನೇತೃತ್ವದಲ್ಲಿ ‘ನ್ಯಾಷನಲ್ ಸ್ಕೀ ಪೆಟ್ರೋಲ್’ ಸ್ಥಾಪನೆಯಾಯಿತು. ಇಂದು ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅವರಲ್ಲಿ ಅನೇಕರು ವೇತನವನ್ನು ಬಯಸದೆ ಸೇವೆ ಮಾಡುವ ಸ್ವಯಂಸೇವಕರು.

ಇತರರ ಪ್ರಾಣವನ್ನು ಕಾಯುವ ಈ ಜನರು ತಮ್ಮ ತಲೆಯನ್ನು ಕಾಯ್ದುಕೊಳ್ಳಲು ಶಿರಸ್ತ್ರಾಣವನ್ನು, ಎಂದರೆ ಹೆಲ್ಮೆಟನ್ನು, ಧರಿಸಲೇಬೇಕೆ? ಅಥವಾ ಅದನ್ನು ಅವರವರ ಇಚ್ಛೆಗೆ ಬಿಡಬೇಕೆ? ಈ ಪ್ರಶ್ನೆ ಹಿಮದ ನಾಡುಗಳಲ್ಲಿ ಬಹುಕಾಲ ಚರ್ಚೆಗೆ ಒಳಗಾಗಿದೆ. ಉಣ್ಣೆಯ ಟೊಪ್ಪಿಗೆಯೊಂದನ್ನೇ ಧರಿಸಿ ದಶಕಗಳ ಕಾಲ ದುಡಿದ ಹಿರಿಯ ರಕ್ಷಕರಿಗೆ ಈ ಕಟ್ಟಳೆ ಅನಗತ್ಯವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಅವರ ಆಕ್ಷೇಪಣೆಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರಕ್ಷಕನ ಕಿವಿ ಸದಾ ಎಚ್ಚರವಾಗಿರಬೇಕು. ದೂರದಿಂದ ಬರುವ ಆರ್ತನಾದ, ಸಂಗಾತಿಯ ಕೂಗು, ಹಿಮದ ಪದರ ಬಿರಿಯುವ ಸದ್ದು ಇವೆಲ್ಲವೂ ಅವನಿಗೆ ಸೂಚನೆಗಳು. ಕಿವಿಯನ್ನು ಮುಚ್ಚುವ ಶಿರಸ್ತ್ರಾಣವು ಇದಕ್ಕೆ ಅಡ್ಡಿಯಾಗಬಹುದೆಂಬುದು ಮೊದಲನೆಯ ಆಕ್ಷೇಪಣೆ. ಹೊರೆ ಹೊತ್ತು ಬೆಟ್ಟವೇರುವಾಗ ತಲೆ ಬೆವರುತ್ತದೆ, ಕನ್ನಡಕದ ಮೇಲೆ ಮಂಜು ಕವಿಯುತ್ತದೆ ಎಂಬುದು ಎರಡನೆಯದು. ಶಿರಸ್ತ್ರಾಣವನ್ನು ಧರಿಸಿದವನು ತನಗಿನ್ನು ಭಯವಿಲ್ಲವೆಂದು ಭಾವಿಸಿ ಹೆಚ್ಚು ಸಾಹಸಕ್ಕೆ ತೊಡಗುವನೆಂಬುದು ಮೂರನೆಯದು. ಸ್ವಯಂಸೇವಕರು ಸ್ವಂತ ಹಣದಿಂದ ಅದನ್ನು ಕೊಳ್ಳಬೇಕಾಗುವುದೆಂಬುದು ನಾಲ್ಕನೆಯದು. ಎಲ್ಲಕ್ಕಿಂತ ಮಿಗಿಲಾಗಿ, ಪರ್ವತವನ್ನು ಅಂಗೈಯಂತೆ ಬಲ್ಲ ಅನುಭವಿಗೆ ಅವನ ತಲೆಯ ವಿಚಾರದಲ್ಲಿ ಮತ್ತೊಬ್ಬರು ಅಪ್ಪಣೆ ಕೊಡುವುದು ಸರಿಯೇ ಎಂಬ ಸ್ವಾತಂತ್ರ್ಯದ ಪ್ರಶ್ನೆಯೂ ಇದೆ.

ಈ ಆಕ್ಷೇಪಣೆಗಳನ್ನು ತೂಗಿ ನೋಡಬೇಕಾದರೆ ಶಿರಸ್ತ್ರಾಣವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಮೊದಲು ತಿಳಿಯಬೇಕು. ಅದರ ಹೊರಭಾಗವು ಗಟ್ಟಿಯಾದ ಪ್ಲಾಸ್ಟಿಕ್ ಚಿಪ್ಪು; ಒಳಭಾಗವು ಹಗುರವಾದ ನೊರೆಯಂತಹ ವಸ್ತು. ತಲೆಯು ಬಂಡೆಗೆ ಬಡಿದಾಗ ಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ನೊರೆ ತಾನು ಜಜ್ಜಿಹೋಗಿ ಪೆಟ್ಟಿನ ಶಕ್ತಿಯನ್ನು ಹೀರುತ್ತದೆ. ತಲೆಯು ಥಟ್ಟನೆ ನಿಲ್ಲದೆ ತುಸು ಹೆಚ್ಚು ಕಾಲದಲ್ಲಿ ನಿಲ್ಲುವುದರಿಂದ ಮಿದುಳಿನ ಮೇಲೆ ಬೀಳುವ ಬಲವು ಕಡಿಮೆಯಾಗುತ್ತದೆ. ಒಮ್ಮೆ ಜೋರಾದ ಪೆಟ್ಟನ್ನು ತಾಳಿದ ಶಿರಸ್ತ್ರಾಣವನ್ನು ಮತ್ತೆ ಬಳಸಬಾರದೆನ್ನುವುದು ಈ ಕಾರಣದಿಂದಲೇ.

ಆದರೆ ಇದರ ಶಕ್ತಿಗೂ ಒಂದು ಮಿತಿಯುಂಟು. ಯೂರೋಪಿನ ಮಾನದಂಡದಂತೆ ಸ್ಕೀ ಶಿರಸ್ತ್ರಾಣವನ್ನು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. ಅಷ್ಟು ಎತ್ತರದಿಂದ ಬೀಳುವ ವಸ್ತುವಿನ ವೇಗವು ಗಂಟೆಗೆ ಸುಮಾರು 20 ಕಿಲೋಮೀಟರ್ ಮಾತ್ರ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮರಕ್ಕೆ ನೇರವಾಗಿ ಬಡಿದವನ ತಲೆಗೆ ಅದರ ನಾಲ್ಕರಷ್ಟು ಶಕ್ತಿಯ ಪೆಟ್ಟು ಬೀಳುತ್ತದೆ. ಹಿಮದ ಮೇಲೆ ಜಾರಿ ಬೀಳುವವನಿಗೆ ಶಿರಸ್ತ್ರಾಣವು ಒಳ್ಳೆಯ ರಕ್ಷಣೆ. ಮಹಾವೇಗದಲ್ಲಿ ಮರಕ್ಕೆ ಎರಗುವವನಿಗೆ ಅದು ಅಭಯವಲ್ಲ.

ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು 1999ರಲ್ಲಿ ಪ್ರಕಟಿಸಿದ ವರದಿಯಂತೆ, ಆ ದೇಶದಲ್ಲಿ 1997ರಲ್ಲಿ ಈ ಕ್ರೀಡೆಗಳಿಂದ ಸುಮಾರು 17,500 ತಲೆಯ ಗಾಯಗಳಾಗಿದ್ದವು. ಶಿರಸ್ತ್ರಾಣದಿಂದ ಅವುಗಳಲ್ಲಿ ಸುಮಾರು 7,700 ಗಾಯಗಳನ್ನು ತಪ್ಪಿಸಲು ಅಥವಾ ಲಘುಗೊಳಿಸಲು ಸಾಧ್ಯವಿತ್ತು. ನಾರ್ವೆಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು ಶಿರಸ್ತ್ರಾಣದಿಂದ ತಲೆಗೆ ಗಾಯವಾಗುವ ಸಂಭವ ಶೇಕಡಾ 60ರಷ್ಟು ಇಳಿಯುವುದೆಂದು ಕಂಡುಕೊಂಡಿತು. ಶಿರಸ್ತ್ರಾಣದ ಭಾರದಿಂದ ಕತ್ತಿಗೆ ಪೆಟ್ಟಾಗುವುದೆಂಬ ಶಂಕೆಗೆ 2010ರ ವೇಳೆಗೆ ನಡೆದ ಅಧ್ಯಯನಗಳಲ್ಲಿ ಆಧಾರ ದೊರೆಯಲಿಲ್ಲ. ಆದರೆ ಅಮೆರಿಕದಲ್ಲಿ ಶಿರಸ್ತ್ರಾಣ ಧರಿಸುವವರ ಪ್ರಮಾಣ 2002-03ರಲ್ಲಿ ಶೇಕಡಾ 25 ಇದ್ದುದು ಹತ್ತು ವರ್ಷಗಳಲ್ಲಿ ಶೇಕಡಾ 70ಕ್ಕೆ ಏರಿದರೂ, ಸಾವಿನ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲವೆಂಬುದನ್ನೂ ಮರೆಯಲಾಗದು.

ಎರಡು ದುರ್ಘಟನೆಗಳು ಜಗತ್ತಿನ ಗಮನವನ್ನು ಸೆಳೆದವು. 2009ರ ಮಾರ್ಚ್ ತಿಂಗಳಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀ ಕಲಿಯುತ್ತಿರುವಾಗ, ಹೊಸಬರಿಗೆಂದೇ ಇರುವ ಇಳಿಜಾರಿನಲ್ಲಿ ಬಿದ್ದರು. ಅವರ ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲ. ಹೊರಗೆ ಗಾಯವೇನೂ ಕಾಣಿಸದಿದ್ದರೂ ತಲೆಯೊಳಗೆ ರಕ್ತಸ್ರಾವವಾಗಿ ಎರಡು ದಿನಗಳಲ್ಲಿ ಅವರು ತೀರಿಕೊಂಡರು. 2013ರ ಡಿಸೆಂಬರ್ 29ರಂದು ಮೋಟಾರು ಓಟದ ವೀರ ಮೈಕೇಲ್ ಶೂಮಾಕರ್ ಫ್ರಾನ್ಸಿನ ಮೆರಿಬೆಲ್‌ನಲ್ಲಿ ಬಿದ್ದು, ಬಂಡೆಗೆ ತಲೆ ಬಡಿದು ತೀವ್ರವಾಗಿ ಗಾಯಗೊಂಡರು. ಅವರು ಶಿರಸ್ತ್ರಾಣವನ್ನು ಧರಿಸಿದ್ದರು. ಅದಿಲ್ಲದಿದ್ದರೆ ಅವರು ಬದುಕುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಆದರೂ ಮಿದುಳಿಗೆ ಆದ ಹಾನಿಯನ್ನು ಅದು ತಪ್ಪಿಸಲಿಲ್ಲ. ಮೊದಲನೆಯ ಘಟನೆ ಶಿರಸ್ತ್ರಾಣದ ಅಗತ್ಯವನ್ನು ತೋರಿದರೆ, ಎರಡನೆಯದು ಅದರ ಮಿತಿಯನ್ನು ತೋರುತ್ತದೆ.

ಇಷ್ಟಾದರೂ ಸಾಮಾನ್ಯ ಕ್ರೀಡಾಳುವಿನ ವಿಚಾರ ಬೇರೆ, ರಕ್ಷಕನ ವಿಚಾರ ಬೇರೆ. ಕ್ರೀಡಾಳುವು ಹವೆ ಕೆಟ್ಟರೆ ಮನೆಯಲ್ಲಿ ಉಳಿಯಬಹುದು. ರಕ್ಷಕನು ಆ ಹವೆಯಲ್ಲಿಯೇ ಹೊರಡಬೇಕು. ಗಾಯಾಳುವನ್ನು ಹೊತ್ತ ಜಾರುಬಂಡಿಯ ಹಿಡಿಗಳ ನಡುವೆ ನಿಂತು ಕಡಿದಾದ ಇಳಿಜಾರನ್ನು ಇಳಿಯುವಾಗ ಅವನೊಬ್ಬನು ಬಿದ್ದರೆ ಕೆಡುವುದು ಒಂದು ಜೀವವಲ್ಲ, ಎರಡು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ ರಕ್ಷಕನು ಯಾರನ್ನು ರಕ್ಷಿಸಬಲ್ಲನು? ಅವನ ತಲೆಯ ಮೇಲಿನ ಹಕ್ಕಿನಲ್ಲಿ ಅವನನ್ನು ನಂಬಿದವರಿಗೂ ಒಂದು ಪಾಲುಂಟು.

ರಕ್ಷಕನು ನೌಕರನೂ ಆಗಿದ್ದರೆ ಅವನ ಕ್ಷೇಮವು ಒಡೆಯನ ಹೊಣೆಯೂ ಹೌದು. ಗಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರಿಗೆ ಗಟ್ಟಿಯಾದ ಟೊಪ್ಪಿಗೆ ಕೊಡುವ ನ್ಯಾಯವು ಹಿಮದ ಬೆಟ್ಟಕ್ಕೂ ಅನ್ವಯಿಸುತ್ತದೆ. ಇದನ್ನು ಮನಗಂಡು ಅಮೆರಿಕದ ವೇಲ್ ರೆಸಾರ್ಟ್ಸ್ ಸಂಸ್ಥೆಯು, ಕರ್ತವ್ಯದಲ್ಲಿ ಸ್ಕೀ ಮಾಡುವ ತನ್ನ ಎಲ್ಲ ನೌಕರರೂ ಶಿರಸ್ತ್ರಾಣ ಧರಿಸಬೇಕೆಂಬ ನಿಯಮವನ್ನು 2009-10ರ ಋತುವಿನಿಂದ ಜಾರಿಗೆ ತಂದಿತು. ಇಟಲಿಯು 2005ರಲ್ಲಿ 14 ವರ್ಷದೊಳಗಿನ ಮಕ್ಕಳಿಗೂ, 2022ರಲ್ಲಿ 18 ವರ್ಷದೊಳಗಿನವರಿಗೂ, 2025ರ ನವೆಂಬರಿನಿಂದ ಸರ್ವರಿಗೂ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಹಿಮ ಕಾಣದ ಊರುಗಳಿಗೂ ಈ ವಾದ ಹೊಸದಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ವಿಧಿಯು ದ್ವಿಚಕ್ರ ವಾಹನ ಸವಾರರಿಗೆ ಶಿರಸ್ತ್ರಾಣವನ್ನು ವಿಧಿಸಿದಾಗ ಸೆಕೆ, ಕಿವಿ ಕೇಳಿಸದಿರುವುದು, ಸ್ವಂತ ಇಚ್ಛೆ ಎಂಬ ಇದೇ ಮಾತುಗಳು ಇಲ್ಲಿಯೂ ಕೇಳಿಬಂದಿದ್ದವು.

ಇನ್ನೊಂದು ಅಂಶವೂ ಗಮನಾರ್ಹ. ಮಕ್ಕಳು ಉಪದೇಶಕ್ಕಿಂತ ನಡತೆಯನ್ನು ಬೇಗ ಅನುಸರಿಸುತ್ತಾರೆ. ಬರಿದಲೆಯ ರಕ್ಷಕನು ‘ಶಿರಸ್ತ್ರಾಣ ಧರಿಸು’ ಎಂದು ಬಾಲಕನಿಗೆ ಹೇಳಿದರೆ ಆ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಆದುದರಿಂದ ಕರ್ತವ್ಯದಲ್ಲಿ ಸ್ಕೀ ಮೇಲಿರುವ ರಕ್ಷಕರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸುವುದು ಯುಕ್ತವೆನ್ನಬೇಕು. ಆದರೆ ಕಟ್ಟಳೆಯನ್ನು ಮಾಡುವವರಿಗೂ ಕರ್ತವ್ಯಗಳುಂಟು. ಕಿವಿಗೆ ಅಡ್ಡಿಯಾಗದ, ಗಾಳಿಯಾಡುವ ಉತ್ತಮ ಶಿರಸ್ತ್ರಾಣವನ್ನು ಅವರೇ ಒದಗಿಸಬೇಕು. ಬೆಟ್ಟವನ್ನು ನಡೆದು ಏರುವಾಗ ಅದನ್ನು ತೆಗೆಯಲು ಅವಕಾಶ ಕೊಡಬೇಕು. ತರಬೇತಿ ಮತ್ತು ವಿವೇಕಗಳ ಸ್ಥಾನವನ್ನು ಅದು ತುಂಬಲಾರದೆಂದು ತಿಳಿದಿರಬೇಕು. ತಗಡಿನ ಮೇಲೆ ಗೆಳೆಯನನ್ನು ಎಳೆದು ತಂದ ದಿನದಿಂದ ಹಿಮರಕ್ಷಕರ ದಳವು ಬಹುದೂರ ಸಾಗಿ ಬಂದಿದೆ. ಕಾಯುವವರನ್ನೂ ಕಾಯಬೇಕೆಂಬ ಅರಿವು ಆ ದಾರಿಯಲ್ಲಿ ಇಟ್ಟ ಇನ್ನೊಂದು ಹೆಜ್ಜೆ.

ಪದಗಳ ಅರ್ಥ

ಶಿರಸ್ತ್ರಾಣ – ತಲೆಯನ್ನು ಕಾಪಾಡುವ ಕವಚ
ಗಳು – ಬಿದಿರಿನ ಕೋಲು
ಆರ್ತನಾದ – ಸಂಕಟದ ಕೂಗು
ಅಭಯ – ಭಯವಿಲ್ಲವೆಂಬ ಭರವಸೆ
ಯುಕ್ತ – ತಕ್ಕುದಾದ

ಅಭ್ಯಾಸ

1. ಹಿಮರಕ್ಷಕರ ದಿನಚರಿಯನ್ನು ವಿವರಿಸಿರಿ.
2. ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಬಾರದೆನ್ನುವವರ ಆಕ್ಷೇಪಣೆಗಳು ಯಾವುವು?
3. ವೇಗವು ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ಎಷ್ಟಾಗುತ್ತದೆ? ಏಕೆ?
4. ‘ಅವನ ತಲೆಯ ಮೇಲಿನ ಹಕ್ಕಿನಲ್ಲಿ ಅವನನ್ನು ನಂಬಿದವರಿಗೂ ಒಂದು ಪಾಲುಂಟು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.